ಬೆಳಿಗ್ಗೆ ಎಷ್ಟು ಗಂಟೆಗೆ?

ಗಂಗಾವತಿಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ಕಳೆದ ಸಂಚಿಕೆಯಲ್ಲಿ ತಾವು ನಮ್ಮ ಭಾಗದ ಹೊಸ ರೈಲು ಮಾರ್ಗಗಳ ಬಗ್ಗೆ ಲೇಖನ ಪ್ರಕಟಿಸಿದ್ದೀರಿ. ಎಷ್ಟು ಕಿಲೋಮೀಟರ್ ಹಳಿ, ಎಷ್ಟು ಕೋಟಿ ರೂಪಾಯಿ, ಹಸಿರು ನಿಶಾನೆ ತೋರಿದವರು ಯಾರು ಎಂಬುದೆಲ್ಲ ಅದರಲ್ಲಿತ್ತು. ನನ್ನ ಮಗಳು ಕೊಪ್ಪಳದ ಕಾಲೇಜಿಗೆ ಇಂದಿಗೂ ಬಸ್ಸಿನಲ್ಲೇ ಹೋಗಿಬರುತ್ತಾಳೆ. ನಮ್ಮ ಓಣಿಯಿಂದ ಕೊಪ್ಪಳಕ್ಕೆ, ಹೊಸಪೇಟೆಗೆ, ತೋರಣಗಲ್ಲಿಗೆ ದುಡಿಯಲು ಹೋಗುವವರೂ ರಸ್ತೆಯನ್ನೇ ನಂಬಿದ್ದಾರೆ. ಊರಿಗೆ ರೈಲು ಬಂದು ಇಷ್ಟು ವರ್ಷವಾದರೂ ಅದು ನಮ್ಮ ದಿನಚರಿಯೊಳಕ್ಕೆ ಬರಲಿಲ್ಲವೇಕೆ? ಬೆಂಗಳೂರಿಗೆ ಉಪನಗರ ರೈಲು ಕೊಡುತ್ತಿರುವವರು ಬಳ್ಳಾರಿ, ಕೊಪ್ಪಳ, ರಾಯಚೂರಿಗೂ ಅಂಥದ್ದನ್ನು ಕೊಡಲಿ ಎಂದು ನಾವು ಕೇಳಬಾರದೇಕೆ?”

ಮಾನ್ಯರೇ,

ಮೊದಲಿಗೆ ಒಂದು ತಪ್ಪೊಪ್ಪಿಗೆ. ಆ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ನಾನೇ ಎರಡು ಸಲ ಓದಿದ್ದೆ. ಅದರಲ್ಲಿ ರೈಲು ಹೊರಡುವ ಹೊತ್ತಿನ ಮಾತು ಒಂದೇ ಒಂದು ಕಡೆಯೂ ಇರಲಿಲ್ಲ ಎಂಬುದು ನಿಮ್ಮ ಪತ್ರ ಓದಿದ ಮೇಲೆಯೇ ನನಗೆ ಹೊಳೆಯಿತು. ನಮ್ಮ ಭಾಗದಲ್ಲಿ ರೈಲು ಎಂದರೆ ಹೋರಾಟ, ಮನವಿ ಪತ್ರ, ಬಜೆಟ್ಟಿನಲ್ಲಿ ಎರಡು ಸಾಲು, ಆಮೇಲೆ ಒಂದು ಉದ್ಘಾಟನೆ ಎಂದು ಬರೆದು ಬರೆದು ನಮ್ಮ ಕೈಗೆ ಅದೇ ಅಭ್ಯಾಸವಾಗಿದೆ. ಉದ್ಘಾಟನೆಯ ಮರುದಿನ ಬೆಳಿಗ್ಗೆ ಆ ನಿಲ್ದಾಣದಲ್ಲಿ ಯಾರು ನಿಂತಿರುತ್ತಾರೆ ಎಂದು ನೋಡಿ ಬರೆದದ್ದು ಕಡಿಮೆ.

ಹಾಗೆಂದು ಹಳಿಯ ಲೆಕ್ಕ ಹಗುರವಾದದ್ದೇನೂ ಅಲ್ಲ. ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯ ಹಳಿಯೂ 1871ರಲ್ಲಿ ಒಂದನ್ನೊಂದು ಕೂಡಿದ್ದು ನಮ್ಮ ರಾಯಚೂರಿನಲ್ಲೇ. ದೇಶದ ಎರಡು ದೊಡ್ಡ ಬಂದರುಗಳನ್ನು ಜೋಡಿಸಿದ ಊರಿಗೆ ಕೊಪ್ಪಳದಿಂದ ನೇರ ಹಳಿ ಇರಲಿಲ್ಲ. ಇಂದಿಗೂ ಕೊಪ್ಪಳದಿಂದ ರಾಯಚೂರಿಗೆ ರೈಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದವರು ಹೊಸಪೇಟೆ, ಬಳ್ಳಾರಿ ದಾಟಿ, ಗುಂತಕಲ್ಲಿಗೆ ಹೋಗಿ, ಅಲ್ಲಿಂದ ಆದೋನಿ, ಮಂತ್ರಾಲಯ ರೋಡ್ ಮಾರ್ಗವಾಗಿ ಆಂಧ್ರ ಸುತ್ತಿ ಬರಬೇಕು. 1997ರವರೆಗೆ ಕೊಪ್ಪಳವು ರಾಯಚೂರು ಜಿಲ್ಲೆಯಲ್ಲೇ ಇತ್ತೆಂಬುದನ್ನು ನೆನೆದರೆ, ತನ್ನ ಜಿಲ್ಲಾ ಕೇಂದ್ರಕ್ಕೆ ಹೋಗಲು ಪರರಾಜ್ಯ ಸುತ್ತಬೇಕಾಗಿದ್ದ ಊರು ಇದೆಂದು ತಿಳಿಯುತ್ತದೆ. ಇದಕ್ಕೆ ಕಾರಣವೂ ಇದೆ. ತುಂಗಭದ್ರೆಯ ಆಚೆಯ ದಡ ನಿಜಾಮರದು, ಈಚೆಯ ಬಳ್ಳಾರಿ ಸೀಮೆ ಮದ್ರಾಸ್ ಪ್ರಾಂತದ್ದು. ಹಳಿ ಹಾಕಿದವರಿಗೆ ಹತ್ತಿ, ಅದಿರು, ಸೈನ್ಯಗಳನ್ನು ಬಂದರಿಗೂ ದಂಡುಪ್ರದೇಶಕ್ಕೂ ಮುಟ್ಟಿಸುವುದು ಮುಖ್ಯವಾಗಿತ್ತೇ ಹೊರತು, ಗಂಗಾವತಿಯವರನ್ನು ರಾಯಚೂರಿಗೆ ಕರೆದೊಯ್ಯುವುದಲ್ಲ. ಬಳ್ಳಾರಿ 1953ರಲ್ಲಿ, ರಾಯಚೂರು ಸೀಮೆ 1956ರಲ್ಲಿ ಒಂದೇ ರಾಜ್ಯಕ್ಕೆ ಸೇರಿದವು. ಹಳಿಗಳು ಮಾತ್ರ ಹಳೆಯ ಗಡಿಗಳನ್ನೇ ಹಿಡಿದು ಓಡುತ್ತಿವೆ. ಆಡಳಿತದಲ್ಲೂ ಅದೇ ಕತೆ: 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ವಲಯ ಶುರುವಾದಾಗ ಬಳ್ಳಾರಿ, ಕೊಪ್ಪಳ ಅದರ ಪಾಲಿಗೆ ಬಂದವು, ರಾಯಚೂರು ಬೇರೆ ವಲಯದ ಗುಂತಕಲ್ಲು ವಿಭಾಗದಲ್ಲೇ ಉಳಿಯಿತು.

ಈ ಕೊರತೆಯನ್ನು ತುಂಬಲೆಂದೇ 1997–98ರಲ್ಲಿ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಕೊಪ್ಪಳ ಜಿಲ್ಲೆ ಹುಟ್ಟಿದ ವರ್ಷವೂ ಈ ಮಾರ್ಗ ಕಾಗದದ ಮೇಲೆ ಹುಟ್ಟಿದ ವರ್ಷವೂ ಹೆಚ್ಚುಕಡಿಮೆ ಒಂದೇ. ಜಿಲ್ಲೆ ನಡೆಯಲು ಕಲಿತು, ಓದಿ, ಮದುವೆಯ ವಯಸ್ಸಿಗೆ ಬಂದರೂ ಮಾರ್ಗ ಅಂಬೆಗಾಲಿಡುತ್ತಲೇ ಇತ್ತು. ಕೊಪ್ಪಳ ಬಳಿಯ ಗಿಣಿಗೇರಾದಿಂದ ಚಿಕ್ಕಬೆಣಕಲ್, ಅಲ್ಲಿಂದ 2019ರಲ್ಲಿ ಗಂಗಾವತಿ, ಆಮೇಲೆ ಕಾರಟಗಿ, 2024ರ ಮಾರ್ಚ್‌ನಲ್ಲಿ ಸಿಂಧನೂರು. ಅತ್ತ ತೆಲಂಗಾಣದ ಕಡೆಯಿಂದ ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಹಳಿ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಗೊಂಡು, ಅದೇ ದಿನ ಕಾಚಿಗುಡ–ರಾಯಚೂರು ರೈಲೂ ಹೊರಟಿತು. ಒಟ್ಟು 246 ಕಿ.ಮೀ. ಯೋಜನೆಯಲ್ಲಿ ಈಗ ಉಳಿದಿರುವುದು ಸಿಂಧನೂರಿನಿಂದ ಮಾನ್ವಿ ಹಾದು ರಾಯಚೂರು ಮುಟ್ಟುವ ತುಂಡು. ಇದರ ಜೊತೆಗೆ 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿಯವರೆಗೆ 2025ರ ಮೇ ತಿಂಗಳಲ್ಲಿ ರೈಲು ಓಡಿತು. ಈ ಎರಡೂ ಮಾರ್ಗಗಳಿಗೆ ಅರ್ಧ ವೆಚ್ಚವನ್ನೂ ಭೂಮಿಯನ್ನೂ ಕೊಡುತ್ತಿರುವುದು ರಾಜ್ಯ ಸರ್ಕಾರ, ಅಂದರೆ ನಾವೇ. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಅದಕ್ಕೆ ಉತ್ತರ ಸುಲಭ. ಬೆಂಗಳೂರಿನಂಥ ಉಪನಗರ ರೈಲನ್ನು ನಾವು ಕೇಳಬಾರದು, ಕೇಳಿದರೆ ನಮಗೇ ನಷ್ಟ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಆ ಯೋಜನೆಯ ಉದ್ದ 148 ಕಿ.ಮೀ., ಮಾರ್ಗಗಳು ನಾಲ್ಕು, ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ ನೂರು ಕೋಟಿಗೂ ಮೇಲೆ. ಅದಕ್ಕೆ ಬೇರೆ ಹಳಿ, ಬೇರೆ ನಿಲ್ದಾಣ, ಬೇರೆ ಕಂಪನಿ. ಲಕ್ಷಾಂತರ ಜನ ಒಂದೇ ದಿಕ್ಕಿಗೆ ನುಗ್ಗುವ ನಗರಕ್ಕೆ ಅದು ಬೇಕು. ಕೊಪ್ಪಳದಿಂದ ಬಳ್ಳಾರಿಗೆ ಅಂಥದ್ದನ್ನು ಕೇಳಿದರೆ, ಸಾಧ್ಯತಾ ವರದಿ ಎಂಬ ಒಂದು ದಪ್ಪ ಕಡತ ತಯಾರಾಗಿ, ಆ ಕಡತದ ನೆಪದಲ್ಲಿ ಇಂದೇ ಆಗಬಹುದಾದ ಕೆಲಸವೂ ಹತ್ತು ವರ್ಷ ಮುಂದೆ ಹೋಗುತ್ತದೆ. ನಮಗೆ ಹೋಲಿಕೆಗೆ ಬೇಕಾದ ಊರು ಹೈದರಾಬಾದ್. ಅಲ್ಲಿ 2003ರಲ್ಲಿ ಶುರುವಾದ ಎಂಎಂಟಿಎಸ್ ಎಂಬ ನಗರ ರೈಲು ಸೇವೆಗೆ ಇದ್ದ ಹಳಿಯನ್ನೇ ಬಳಸಿಕೊಂಡರು, ವೆಚ್ಚವನ್ನು ರಾಜ್ಯವೂ ರೈಲ್ವೆಯೂ ಸಮಪಾಲು ಹಂಚಿಕೊಂಡವು. ಇದ್ದ ಹಳಿಯ ಮೇಲೆ ಓಡಿಸುವುದರ ಕಷ್ಟವೂ ಇದೆ. ದೂರದ ರೈಲು ಬಂದಾಗ ಊರಿನ ರೈಲು ಪಕ್ಕಕ್ಕೆ ಸರಿದು ನಿಲ್ಲಬೇಕಾಗುತ್ತದೆ.

ಇನ್ನು ಮೊದಲ ಪ್ರಶ್ನೆ. ಊರಿಗೆ ಬಂದ ರೈಲು ದಿನಚರಿಗೆ ಬರಲಿಲ್ಲವೇಕೆ?

ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರ ರೈಲು ಬೇರೆ, ದಿನವೂ ದುಡಿಯಲು, ಓದಲು ಹೋಗಿ ಸಂಜೆ ಮನೆಗೆ ಮರಳುವವರ ರೈಲು ಬೇರೆ. ಮೊದಲನೆಯವರಿಗೆ ದಿನಕ್ಕೊಂದು ರೈಲು ಸಾಕು, ಅದು ಅರ್ಧ ಗಂಟೆ ತಡವಾದರೂ ಗೊಣಗಿಕೊಂಡು ಸುಮ್ಮನಾಗುತ್ತಾರೆ. ಎರಡನೆಯವರಿಗೆ ಬೆಳಿಗ್ಗೆ ಕನಿಷ್ಠ ಎರಡು, ಸಂಜೆ ಕನಿಷ್ಠ ಎರಡು ರೈಲು ಬೇಕು, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆಂಬ ಧೈರ್ಯ ಬೇಕು, ಹಾಜರಿ ಹಾಕುವ ಹೊತ್ತಿಗೆ ಮುಟ್ಟಬೇಕು. ದಿನಕ್ಕೆ ಬೆರಳೆಣಿಕೆಯ ರೈಲು ಓಡುವ ಗಿಣಿಗೇರಾ–ಸಿಂಧನೂರು ಮಾರ್ಗದಲ್ಲಿ ಈ ಧೈರ್ಯ ಬರುವುದಿಲ್ಲ. ಹೊಸ ಮಾರ್ಗ ತೆರೆದಾಗ ದೂರದ ಊರಿನ ರೈಲೊಂದನ್ನು ಮುಂದಿನ ನಿಲ್ದಾಣದವರೆಗೆ ವಿಸ್ತರಿಸುವುದು ರೈಲ್ವೆಗೆ ಎಲ್ಲಕ್ಕಿಂತ ಸುಲಭದ ದಾರಿ. ಹಾಗೆ ವಿಸ್ತರಿಸಿದ ರೈಲಿನ ಹೊತ್ತನ್ನು ಗೊತ್ತುಪಡಿಸುವುದು ಅದು ಹೊರಟುಬಂದ ದೊಡ್ಡ ಊರು, ಬಾಲಕ್ಕೆ ಅಂಟಿಸಿದ ಸಣ್ಣ ಊರಲ್ಲ.

ಎರಡನೇ ಕಾರಣ ಕೊಪ್ಪಳ–ಹೊಸಪೇಟೆ–ಬಳ್ಳಾರಿ ಮುಖ್ಯ ಮಾರ್ಗದ್ದು. ಪಾಪಿನಾಯಕನಹಳ್ಳಿ, ಗಾದಿಗನೂರು, ತೋರಣಗಲ್ಲು, ಕುಡತಿನಿ ನಿಲ್ದಾಣಗಳಲ್ಲಿ ಅರ್ಧ ದಿನ ನಿಂತು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಸಂಡೂರಿನ ಅದಿರು, ಉಕ್ಕಿನ ಕಾರ್ಖಾನೆಗೂ ಕುಡತಿನಿಯ ಶಾಖೋತ್ಪನ್ನ ಸ್ಥಾವರಕ್ಕೂ ಬೇಕಾದ ಕಲ್ಲಿದ್ದಲು, ಹೊರಗೆ ಹೋಗುವ ಉಕ್ಕಿನ ಸುರುಳಿ, ಒಂದರ ಹಿಂದೊಂದು ಗೂಡ್ಸ್. ರೈಲ್ವೆಗೆ ಹಣ ಬರುವುದು ಅದರಿಂದಲೇ. ಪ್ರಯಾಣದ ಸರಾಸರಿ ವೆಚ್ಚದಲ್ಲಿ ಶೇ. 57ರಷ್ಟು ಮಾತ್ರ ನಿಮ್ಮಿಂದ ವಸೂಲಾಗುತ್ತಿದೆ ಎಂದು ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿದ್ದುಂಟು. ಉಪಕಾರ ಮಾಡಿದವರು ಅದನ್ನು ಹೇಳಿಕೊಳ್ಳಬಾರದೆಂಬ ನಮ್ಮ ಹಿರಿಯರ ಮಾತು ರೈಲ್ವೆ ಮಂಡಳಿಗೆ ತಲುಪಿಲ್ಲವೆಂದು ಕಾಣುತ್ತದೆ. ಏಳೆಂಟು ಕಿಲೋಮೀಟರಿಗೊಮ್ಮೆ ನಿಲ್ಲುವ ಪ್ಯಾಸೆಂಜರ್ ಒಂದು ನಡುವೆ ಬಂದರೆ ಹಿಂದಿನ ಗೂಡ್ಸ್‌ಗಳೆಲ್ಲ ತಡೆದು ನಿಲ್ಲಬೇಕು. ಆದ್ದರಿಂದ ಸಾಮರ್ಥ್ಯ ಹೆಚ್ಚಿಸುವ ಮಾತು ಬಂದಾಗಲೂ ಲೆಕ್ಕ ಸರಕಿನದೇ. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 185 ಕಿ.ಮೀ. ಬಳ್ಳಾರಿ–ಚಿಕ್ಕಜಾಜೂರು ಜೋಡಿ ಹಳಿಯ ಯೋಜನೆಗೆ 3,342 ಕೋಟಿ ರೂಪಾಯಿ ಕೊಡುವಾಗಲೂ ಅದಿರು, ಕಲ್ಲಿದ್ದಲು ಮತ್ತು ಮಂಗಳೂರು ಬಂದರಿನ ಹೆಸರು ಮುಂದಿತ್ತು. ಇದನ್ನು ಆಕ್ಷೇಪಿಸುತ್ತಿಲ್ಲ. ಹಳಿ ಜೋಡಿಯಾದರೆ ಪ್ರಯಾಣಿಕರ ರೈಲಿಗೂ ಎಡೆ ಸಿಗುತ್ತದೆ, ಆದರೆ ಕೇಳಿದವರಿಗೆ ಮಾತ್ರ.

ಹಳಿ ಇದ್ದೂ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕೊಟ್ಟೂರು ಕಡೆಯವರನ್ನು ಕೇಳಬೇಕು. ಹೊಸಪೇಟೆ–ಕೊಟ್ಟೂರು ನಡುವಿನ ಮೀಟರ್‌ಗೇಜ್ ರೈಲು ತೊಂಬತ್ತರ ದಶಕದಲ್ಲಿ ನಿಂತಿತು. ಬ್ರಾಡ್‌ಗೇಜ್ ಹಳಿ ಹಾಕಿ ಮುಗಿದ ಮೇಲೂ ಪ್ರಯಾಣಿಕರ ರೈಲಿಗಾಗಿ ಅಲ್ಲಿಯ ಜನ ವರ್ಷಗಟ್ಟಲೆ ಧರಣಿ ಕೂತರು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಹೊರಟದ್ದು 2019ರ ಅಕ್ಟೋಬರ್‌ನಲ್ಲಿ.

ಮೂರನೆಯದು ಬಸ್ಸಿನ ಲೆಕ್ಕ, ಇದನ್ನು ನಮ್ಮ ರೈಲು ಹೋರಾಟಗಾರರು ಮುಟ್ಟುವುದೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಸಾಮಾನ್ಯ ಸೇವೆಗಳಲ್ಲಿ ಪ್ರಯಾಣ ಉಚಿತ. ರೈಲು ಕೇಂದ್ರದ್ದು, ಅಲ್ಲಿ ಆ ರಿಯಾಯಿತಿ ಇಲ್ಲ. ಹಾಗಿರುವಾಗ ಗಂಗಾವತಿಯ ಒಬ್ಬ ಶಿಕ್ಷಕಿಯೋ ಆಸ್ಪತ್ರೆಯ ದಾದಿಯೋ ರೈಲು ಹತ್ತಬೇಕಾದರೆ ಅದು ಅಗ್ಗವೆಂಬ ಮಾತು ಸಾಲದು. ಬಸ್ಸಿಗಿಂತ ಬೇಗ ಮುಟ್ಟಬೇಕು, ಅಥವಾ ನಿಲ್ಲದೆ ಕುಳಿತು ಹೋಗುವಂತಿರಬೇಕು. ಗಂಡಸರಿಗೆ ಲೆಕ್ಕ ಬೇರೆ. 2020ರಲ್ಲಿ ಕೋವಿಡ್ ನೆಪದಲ್ಲಿ ಪ್ಯಾಸೆಂಜರ್ ರೈಲುಗಳಿಗೆ ಎಕ್ಸ್‌ಪ್ರೆಸ್ ಸ್ಪೆಷಲ್ ಎಂಬ ಹೆಸರು ಕೊಟ್ಟು ಕನಿಷ್ಠ ದರವನ್ನು 10 ರೂಪಾಯಿಯಿಂದ 30ಕ್ಕೆ ಏರಿಸಿದಾಗ ಹಳ್ಳಿಯಿಂದ ಪಕ್ಕದ ಪೇಟೆಗೆ ಹೋಗುತ್ತಿದ್ದ ಅನೇಕರು ರೈಲು ಬಿಟ್ಟರು. 2024ರ ಫೆಬ್ರುವರಿಯಲ್ಲಿ ದರ ಮತ್ತೆ 10ಕ್ಕೆ ಇಳಿಯಿತು. ಬಿಟ್ಟವರೆಲ್ಲ ಮರಳಿದರೇ? ಈ ನಾಲ್ಕು ವರ್ಷಗಳಲ್ಲಿ ಎಷ್ಟೋ ಜನ ಕಂತಿನ ಮೇಲೆ ಬೈಕು ಕೊಂಡಾಗಿತ್ತು.

ನಿಮ್ಮ ಮಗಳ ವಿಷಯದಲ್ಲಿ ಮಾತ್ರ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಪದವಿಯವರೆಗೆ ಓದುವ ಹೆಣ್ಣುಮಕ್ಕಳಿಗೂ ಹನ್ನೆರಡನೇ ತರಗತಿಯವರೆಗೆ ಓದುವ ಗಂಡುಮಕ್ಕಳಿಗೂ ಮನೆಯಿಂದ ಶಾಲೆ ಅಥವಾ ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಟಿಕೆಟನ್ನು ಉಚಿತವಾಗಿ ಕೊಡುವ ಅವಕಾಶ ರೈಲ್ವೆ ನಿಯಮದಲ್ಲಿದೆ. ಉಳಿದವರಿಗೂ 150 ಕಿ.ಮೀ. ದೂರದವರೆಗೆ ಸೀಸನ್ ಟಿಕೆಟ್ ಸಿಗುತ್ತದೆ, ಗಂಗಾವತಿಯಿಂದ ಕೊಪ್ಪಳಕ್ಕೆ ಅದರ ಮೂರನೇ ಒಂದರಷ್ಟು ದೂರ. ನಮ್ಮ ಕಾಲೇಜುಗಳ ಸೂಚನಾ ಫಲಕದಲ್ಲಿ ಬಸ್‌ಪಾಸಿನ ಅರ್ಜಿಯ ಕಡೆಯ ದಿನಾಂಕ ವರ್ಷವರ್ಷವೂ ಅಂಟಿಸಿರುತ್ತದೆ, ಸೀಸನ್ ಟಿಕೆಟ್ಟಿನ ಸುದ್ದಿ ಅಂಟಿಸಿದ್ದನ್ನು ನಾನು ನೋಡಿಲ್ಲ. ರೈಲು ಹೊತ್ತಿಗೆ ಸಿಗದ ಮೇಲೆ ಟಿಕೆಟ್ ಉಚಿತವಾದರೇನು ಎಂದು ನೀವು ಕೇಳುವುದೂ ಸರಿಯೇ.

ಹಾಗಾದರೆ ಕೇಳಬೇಕಾದದ್ದು ಏನು? ನನ್ನ ತಿಳಿವಳಿಕೆಯಲ್ಲಿ, ಮೆಮು ಅಥವಾ ಡೆಮು ರೈಲಿನ ಒಂದೆರಡು ಜೋಡಿ ಮತ್ತು ಅವಕ್ಕೆ ಸರಿಯಾದ ಹೊತ್ತು. ವಿದ್ಯುತ್ ತಂತಿ ಇರುವ ಕಡೆ ಮೆಮು, ಇಲ್ಲದ ಕಡೆ ಡೀಸೆಲ್ಲಿನ ಡೆಮು. ಇವಕ್ಕೆ ಬೇರೆ ಎಂಜಿನ್ ಬೇಕಿಲ್ಲ, ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ, ಹೋದ ದಾರಿಯಲ್ಲೇ ಎಂಜಿನ್ ಬಿಚ್ಚಿ ಸುತ್ತಿಸಿ ಜೋಡಿಸುವ ಗೋಜಿಲ್ಲದೆ ಹಿಂದಿರುಗುತ್ತವೆ. ನಿಂತಲ್ಲಿಂದ ಬೇಗ ವೇಗ ಹಿಡಿಯುವುದರಿಂದ ಪ್ರತಿ ನಿಲ್ದಾಣದಲ್ಲಿ ನಿಂತರೂ ಹಿಂದಿನ ಗೂಡ್ಸ್‌ಗೆ ಆಗುವ ಅಡ್ಡಿ ಕಡಿಮೆ. ಬೆಂಗಳೂರಿನ ಸುತ್ತ ಇವು ಓಡುತ್ತಲೇ ಇವೆ. ಬೆಳಿಗ್ಗೆ ಸಿಂಧನೂರಿನಿಂದ ಹೊರಟು ಕಾರಟಗಿ, ಗಂಗಾವತಿ ಹಾದು ಕಾಲೇಜು, ಕಚೇರಿಗಳ ಹೊತ್ತಿಗೆ ಕೊಪ್ಪಳ ಮುಟ್ಟುವ ಒಂದು; ಕೊಪ್ಪಳದಿಂದ ಹೊರಟು ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು ಮಾರ್ಗವಾಗಿ ಬಳ್ಳಾರಿಗೆ ಹೋಗುವ ಇನ್ನೊಂದು; ಸಂಜೆ ಅವೆರಡೂ ಹಿಮ್ಮುಖವಾಗಿ. ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ತೋರಣಗಲ್ಲಿನಲ್ಲಿ ರೈಲು ನಿಂತರೆ ಪಾಳಿಯವರೂ ಬರುತ್ತಾರೆ. ರೈಲು ರಾಯಚೂರು ಮುಟ್ಟಿದ ದಿನ ಮಾನ್ವಿಯಿಂದ ರಾಯಚೂರಿಗೆ ಮೂರನೆಯದು ಬೇಕಾಗುತ್ತದೆ, ಆದರೆ ಅದರ ಹೊತ್ತಿನ ಬಗ್ಗೆ ಈಗಲೇ ಮಾತಾಡದಿದ್ದರೆ ಅಲ್ಲಿಯೂ ನಿಮ್ಮ ಊರಿನ ಕತೆಯೇ ಆಗುತ್ತದೆ. ಅಲ್ಲಿ ಎರಡು ವಲಯಗಳು ಪರಸ್ಪರ ಒಪ್ಪಬೇಕಾದ ತೊಡಕು ಬೇರೆ.

ಈ ಬೇಡಿಕೆಯ ಮಿತಿಯನ್ನೂ ಹೇಳಿಬಿಡುತ್ತೇನೆ. ಗಂಗಾವತಿಯಿಂದ ಹೊಸಪೇಟೆಗೆ ನಿತ್ಯ ಹೋಗುವವರಿಗೆ ರೈಲು ಒದಗುವುದಿಲ್ಲ. ಹಳಿ ಗಿಣಿಗೇರಾದವರೆಗೆ ಸುಮಾರು 40 ಕಿ.ಮೀ. ಹೋಗಿ, ಅಲ್ಲಿಂದ ಮುನಿರಾಬಾದ್ ಕಡೆ ತಿರುಗಿ ಬರಬೇಕು. ರಸ್ತೆಯಲ್ಲಿ ಹೊಸಪೇಟೆ ಅದಕ್ಕಿಂತ ಬಹಳ ಹತ್ತಿರ. ನಿಮ್ಮ ಓಣಿಯವರಲ್ಲಿ ಹೊಸಪೇಟೆಗೆ ಹೋಗುವವರು ಹೆಚ್ಚಿದ್ದರೆ ಅವರ ಪರವಾಗಿ ರೈಲು ಕೇಳುವುದಕ್ಕಿಂತ ಬಸ್ಸು ಕೇಳುವುದು ಲೇಸು. ಹೊಸ ಮಾರ್ಗಗಳ ನಿಲ್ದಾಣಗಳು ಸಾಮಾನ್ಯವಾಗಿ ಊರಾಚೆ ಇರುತ್ತವೆ ಎಂಬುದೂ ಸಣ್ಣ ಮಾತಲ್ಲ. ಹತ್ತು ರೂಪಾಯಿಯ ರೈಲು ಹತ್ತಲು ಟಂಟಂ ಆಟೋಗೆ ಇಪ್ಪತ್ತು ಕೊಡಬೇಕಾದರೆ ಆ ರೈಲು ಮೂವತ್ತರದ್ದು. ರೈಲು ಬರುವ ಹೊತ್ತಿಗೆ ನಿಲ್ದಾಣದ ಬಾಗಿಲಿಗೆ ಒಂದು ಬಸ್ಸು ಬಂದು ನಿಲ್ಲುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೈಯಲ್ಲಿದೆ, ದಿಲ್ಲಿಯ ಕೈಯಲ್ಲಿಲ್ಲ.

ಜನ ಇದ್ದಾರೆಯೇ ಎಂಬ ಪ್ರಶ್ನೆ ರೈಲ್ವೆಯವರಿಂದ ಖಂಡಿತ ಬರುತ್ತದೆ. ಹುಣ್ಣಿಮೆಯ ದಿನ ಹುಲಿಗೆಮ್ಮನ ದರ್ಶನಕ್ಕೆ ಮುನಿರಾಬಾದಿನಲ್ಲಿ ಇಳಿಯುವವರನ್ನೂ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಕೊಪ್ಪಳಕ್ಕೆ ಬರುವವರನ್ನೂ ತೋರಿಸಿ ಇದ್ದಾರೆ ಎನ್ನುವುದು ನಮ್ಮವರ ರೂಢಿ. ಆ ಸಾಕ್ಷಿ ಇಲ್ಲಿ ನಿಲ್ಲುವುದಿಲ್ಲ. ಹುಣ್ಣಿಮೆಯ ಜನ ತಿಂಗಳಿಗೊಮ್ಮೆ, ಜಾತ್ರೆಯ ಜನ ವರ್ಷಕ್ಕೊಮ್ಮೆ ಬರುತ್ತಾರೆ, ಅವರಿಗೆ ವಿಶೇಷ ರೈಲು ಬಿಟ್ಟು ಕೈತೊಳೆದುಕೊಳ್ಳಬಹುದು. ಇಲ್ಲಿ ತೋರಿಸಬೇಕಾದದ್ದು ಸೋಮವಾರದ ಸಾಮಾನ್ಯ ಬೆಳಿಗ್ಗೆ ಗಂಗಾವತಿ ಬಸ್ ನಿಲ್ದಾಣದಲ್ಲಿ ಆರೂವರೆಯಿಂದ ಒಂಬತ್ತರವರೆಗೆ ಕೊಪ್ಪಳದ ಬಸ್ಸು ಹತ್ತಿದವರ ಲೆಕ್ಕವನ್ನು.

ಮನವಿಯನ್ನು ಎಲ್ಲಿಗೆ ಕೊಡಬೇಕೆಂಬುದೂ ಮುಖ್ಯ. ಮಂತ್ರಿಗಳು ಬಂದಾಗ ಹಾರದ ಜೊತೆ ಕೊಟ್ಟ ಕಾಗದ ಹಾರದ ಜೊತೆಯೇ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿ ಎಂಬುದೊಂದಿದೆ, ವಲಯಕ್ಕೂ ಅಂಥದೇ ಸಮಿತಿ ಇದೆ. ಅಲ್ಲಿ ಎತ್ತಿದ ವಿಷಯಕ್ಕೆ ರೈಲ್ವೆ ಉತ್ತರ ಕೊಡಬೇಕಾಗುತ್ತದೆ. ಹಿಂದೆ ಜುಲೈ 1ರಿಂದ ಜಾರಿಗೆ ಬರುತ್ತಿದ್ದ ರೈಲ್ವೆ ವೇಳಾಪಟ್ಟಿ 2025ರಲ್ಲಿ ಜನವರಿ 1ರಿಂದ ಜಾರಿಗೆ ಬಂತು. ವೇಳಾಪಟ್ಟಿ ಅಚ್ಚಾದ ಮೇಲೆ ಹೋದ ಮನವಿಗೆ ಮುಂದಿನ ಸಲ ನೋಡೋಣ ಎಂಬ ಉತ್ತರ ಖಾತ್ರಿ, ಆದ್ದರಿಂದ ತಿಂಗಳುಗಳ ಮೊದಲೇ ಹೋಗಬೇಕು. ರಾಜ್ಯ ಸರ್ಕಾರವೂ ಇಲ್ಲಿ ಬಾಯಿಬಿಡಬಹುದು. ಹಳಿಗೆ ಅರ್ಧ ಹಣ ಹಾಕಿದವರು ಆ ಹಳಿಯ ಮೇಲೆ ಬೆಳಿಗ್ಗೆ ಯಾವ ರೈಲು ಓಡಬೇಕೆಂದು ಕೇಳಿದರೆ ಅದು ಅಧಿಕಪ್ರಸಂಗವಾಗುವುದಿಲ್ಲ.

ನಿಮ್ಮ ಪತ್ರ ಎರಡು ಪುಟ ತುಂಬ ಇದೆ. ಮಗಳ ಕಾಲೇಜಿನ ಹೆಸರಿದೆ, ಬಸ್ಸಿನ ನೂಕುನುಗ್ಗಲಿನ ವರ್ಣನೆ ಇದೆ, ನಮ್ಮ ಪತ್ರಿಕೆಗೆ ಚುಚ್ಚುಮಾತೂ ಇದೆ. ಆದರೆ ಅವಳು ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತಾಳೆ, ಕಾಲೇಜಿನ ಮೊದಲ ಗಂಟೆ ಎಷ್ಟಕ್ಕೆ, ಸಂಜೆ ಎಷ್ಟಕ್ಕೆ ಬಿಡುವು ಎಂಬುದನ್ನು ನೀವೂ ಬರೆದಿಲ್ಲ. ಅದನ್ನೊಂದು ಕಾರ್ಡಿನಲ್ಲಿ ಬರೆದು ಕಳಿಸಿ. ಕಾರಟಗಿ, ಸಿಂಧನೂರು, ಕುಷ್ಟಗಿ, ತೋರಣಗಲ್ಲಿನ ಓದುಗರೂ ತಮ್ಮ ತಮ್ಮ ಹೊತ್ತನ್ನು ಬರೆದರೆ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅದಕ್ಕೇ ಬಿಡುತ್ತೇವೆ. ಆ ಪುಟದ ಪ್ರತಿಯನ್ನು ಹುಬ್ಬಳ್ಳಿಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟುಬರುತ್ತೇನೆ, ರೈಲು ಹೊತ್ತಿಗೆ ಸಿಕ್ಕರೆ ರೈಲಿನಲ್ಲೇ.

– ಸಂಪಾದಕ